ಹಳದಿ ಹೆಲ್ಮೆಟ್ಟಿನ ಎಡ ಅರ್ಧ

ಕಾರ್ ರೇಸ್ ಟ್ರ್ಯಾಕಿನಲ್ಲಿ ಎಲ್ಲರೂ ‘ಕತ್ತರಿ’ ಎಂದೇ ಕರೆಯುವ ನಾನು, ವಯಸ್ಸು 54 ವರ್ಷ, ಉದ್ಯೋಗ: ರೇಸಿಗೆ ಮುನ್ನ ಚಾಲಕರ ಹೆಲ್ಮೆಟ್ ತಪಾಸಣೆ, ವಾಸ: ಟ್ರ್ಯಾಕಿನ ಹಿಂದಿನ ಗೇಟಿಗೆ ಎದುರು, ಟೈರ್ ಅಂಗಡಿಯ ಮೇಲಿನ ಮನೆ, ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಮೇಲೆ ದೂರು ಕೊಟ್ಟವರು ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ. ಅವರ ಮಗಳು ರೇಸಿನಲ್ಲಿ ಹಾಕಿಕೊಳ್ಳುವ ಹಳದಿ ಬಣ್ಣದ ಹೆಲ್ಮೆಟ್ಟನ್ನು ನಾನು ಗರಗಸದಿಂದ ಎರಡು ಹೋಳು ಮಾಡಿದೆ ಎಂಬುದು ದೂರು. ದೂರು ನಿಜ. ಆದರೆ ಬೆಳಗಿನಿಂದ ನಾನು ಹೇಳುತ್ತಿರುವ ಮಾತು ಬೇರೆ. ಆ ಹುಡುಗಿಯನ್ನು ಇವತ್ತು 4 ಗಂಟೆಯ ರೇಸಿಗೆ ಬಿಡಬಾರದು, ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಇದನ್ನೇ ಮೊದಲ ಸಾಲಾಗಿ ಬರೆದುಕೊಳ್ಳಿ ಎಂದು ಕೇಳಿಕೊಂಡೆ. ಬರೆದುಕೊಳ್ಳುತ್ತಿರುವ ಪೇದೆಯವರು, ಕೊನೇದನ್ನ ಮೊದ್ಲು ಹೇಳಿದ್ರೆ ಹೇಳಿಕೆ ಕೆಡತ್ತೆ, ಶುರುವಿಂದ ಬನ್ನಿ ಎಂದರು. ಶುರುವಿನಿಂದ ಹೇಳುತ್ತೇನೆ. ಈಗ ಠಾಣೆಯ ಗಡಿಯಾರದಲ್ಲಿ 1 ಗಂಟೆ 40 ನಿಮಿಷ.

ನಾನು ಈ ಕೆಲಸವನ್ನು 19 ವರ್ಷದಿಂದ ಮಾಡುತ್ತಿದ್ದೇನೆ. ನನ್ನ ಕೋಣೆಯಲ್ಲಿ ಒಂದು ಮೇಜು, ಬಗ್ಗಿಸಬಹುದಾದ ದೀಪ, ಉಕ್ಕಿನ ಅಳತೆಪಟ್ಟಿ ಮತ್ತು ಒಂದು ದೊಡ್ಡ ಕತ್ತರಿ ಇವೆ. ಹೆಲ್ಮೆಟ್ ಸರಿಯಿದ್ದರೆ ಸ್ಟಿಕ್ಕರ್ ಅಂಟಿಸುತ್ತೇನೆ. ಸರಿಯಿಲ್ಲದಿದ್ದರೆ ಅದನ್ನು ಮತ್ತೆ ಯಾರೂ ಹಾಕಿಕೊಳ್ಳದಿರಲಿ ಎಂದು ಗಲ್ಲದ ಪಟ್ಟಿ ಕತ್ತರಿಸುತ್ತೇನೆ. ಹೆಸರು ಬಂದದ್ದು ಅದರಿಂದ. ಸ್ಟಿಕ್ಕರ್ ಅಂಟಿಸಿದ ಸಾವಿರಾರು ಹೆಲ್ಮೆಟ್ಟುಗಳಿಗಾಗಿ ನನ್ನನ್ನು ಯಾರೂ ‘ಅಂಟು’ ಎಂದು ಕರೆದಿಲ್ಲ.

ಕಳೆದ ವಾರ ಶನಿವಾರ, ಅಂದರೆ ಎಂಟು ದಿನದ ಹಿಂದೆ, ಬೆಳಿಗ್ಗೆ 7 ಗಂಟೆ 50 ನಿಮಿಷಕ್ಕೆ ಭಾವ ಮತ್ತು ಅವರ ಮಗಳು ಆ ಹೆಲ್ಮೆಟ್ ತಂದರು. ಎಡಗಿವಿಯ ಮೇಲ್ಭಾಗದಲ್ಲಿ 6 ಸೆಂಟಿಮೀಟರ್ ಅಗಲಕ್ಕೆ ಹೊಸ ಬಣ್ಣ ಬಳಿದಿತ್ತು. ಬೆರಳ ಗೆಣ್ಣಿನಿಂದ ಕುಟ್ಟಿದಾಗ ಬಲಗಡೆ ಟಣ್ಣೆಂದಿತು, ಎಡಗಡೆ ಹಲಗೆ ಕುಟ್ಟಿದಂತೆ ಸಪ್ಪಗೆ ಕೇಳಿಸಿತು. ಏನಾಯಿತು ಎಂದು ಮೂರು ಸಲ ಕೇಳಿದೆ. ಮೇಜಿನ ಮೇಲಿಂದ ಬಿತ್ತು ಅಷ್ಟೇ, ನೀನು ಪತ್ತೇದಾರಿ ಶುರು ಮಾಡಬೇಡ ಎಂದು ಭಾವ ಹೇಳಿದರು. ಮಾವ, ಆ ದೀಪ ಸ್ವಲ್ಪ ಆಚೆ ತಿರುಗಿಸು, ಕಣ್ಣು ಚುಚ್ಚುತ್ತೆ ಎಂದು ಮಾತ್ರ ಮಗಳು ಹೇಳಿದಳು. ನಾನು ದೀಪ ತಿರುಗಿಸಿದೆ. ಪಟ್ಟಿ ಕತ್ತರಿಸಿದೆ. ಆ ದೀಪ ಹತ್ತೊಂಬತ್ತು ವರ್ಷದಿಂದ ಅಲ್ಲೇ ಇದೆ, ಅವಳು ಚಿಕ್ಕಂದಿನಲ್ಲಿ ಅದರಡಿ ಕೂತು ಚಿತ್ರ ಬರೆದವಳು, ಅದು ಅವಳ ಕಣ್ಣನ್ನು ಯಾವತ್ತೂ ಚುಚ್ಚಿರಲಿಲ್ಲ. ಇದು ನನಗೆ ಆ ದಿನವೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಇವತ್ತು ಭಾನುವಾರ ಬೆಳಿಗ್ಗೆ 8 ಗಂಟೆ 40 ನಿಮಿಷಕ್ಕೆ ಭಾವ ಅದೇ ಹೆಲ್ಮೆಟ್ಟನ್ನು ಮತ್ತೆ ತಂದು ಮೇಜಿನ ಮೇಲಿಟ್ಟರು. ಪಟ್ಟಿಗೆ ಹೊಲಿಗೆ ಹಾಕಿಸಿದ್ದರು. ಬ್ಯಾಗ್ ರಿಪೇರಿಯವರ ಕೈಕೆಲಸ, ಸೆಂಟಿಮೀಟರಿಗೆ ನಾಲ್ಕು ಹೊಲಿಗೆ, ಒಂದೂ ಸೊಟ್ಟಗಿರಲಿಲ್ಲ. ಹೊಲಿದವರು ಕೆಲಸ ಬಲ್ಲವರು ಎಂದು ನಾನು ಹೇಳಿದೆ. ಭಾವ ಅದನ್ನು ಒಪ್ಪಿಗೆ ಎಂದುಕೊಂಡು, ಹಾಗಾದ್ರೆ ಸ್ಟಿಕ್ಕರ್ ಹಚ್ಚು ಎಂದರು. ನಾನು ಆಗುವುದಿಲ್ಲ ಎಂದೆ.

ಭಾವ ಕೆಟ್ಟವರಲ್ಲ ಎಂಬುದನ್ನೂ ಬರೆದುಕೊಳ್ಳಬೇಕು. ಅವರು ಮೆಕ್ಯಾನಿಕ್. ಮಗಳ ಕಾರನ್ನು ಎರಡು ವರ್ಷ ಕೂತು ತಮ್ಮ ಕೈಯಾರೆ ಕಟ್ಟಿದ್ದಾರೆ. ಇವತ್ತಿನ ರೇಸ್ ನೋಡಲು ಒಂದು ದೊಡ್ಡ ತಂಡದಿಂದ ಇಬ್ಬರು ಬಂದಿದ್ದಾರೆ, ಮುಂದಿನ ವರ್ಷಕ್ಕೆ ಒಬ್ಬ ಚಾಲಕರನ್ನು ಆರಿಸಿಕೊಳ್ಳುತ್ತಾರೆ. ಹಳದಿ ಹೆಲ್ಮೆಟ್ಟಿನಲ್ಲಿ ಮಗಳು ಐದು ಸಲ ಗೆದ್ದಿದ್ದಾಳೆ, ಆದ್ದರಿಂದ ಅದೇ ಆಗಬೇಕು ಎಂಬುದು ಭಾವನ ಹಟ. ಗೆದ್ದದ್ದು ಹೆಲ್ಮೆಟ್ಟಲ್ಲ, ಅದರೊಳಗಿದ್ದವಳು ಎಂದು ನಾನು ಹೇಳಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಆಗ ಭಾವ, ಎಲ್ಲಿದೆ ಬಿರುಕು, ತೋರ್ಸು, ತೋರ್ಸಕ್ಕಾಗದಿದ್ರೆ ಬಾಯಿ ಮುಚ್ಕೊಂಡು ಸ್ಟಿಕ್ಕರ್ ಹಚ್ಚು ಎಂದು ಗಟ್ಟಿಯಾಗಿ ಹೇಳಿದರು. ಬಾಗಿಲಲ್ಲಿ ಏಳೆಂಟು ಚಾಲಕರು ನಿಂತಿದ್ದರು. ನನಗೆ ಸಿಟ್ಟು ಬಂತು. 22 ಮೀಟರ್ ದೂರದ ವರ್ಕ್‌ಶಾಪಿಗೆ ಹೋಗಿ ಹೆಲ್ಮೆಟ್ಟನ್ನು ವೈಸ್ ಎಂಬ ಕಬ್ಬಿಣದ ಹಿಡಿಕಟ್ಟಿಗೆ ಸಿಕ್ಕಿಸಿ ಬಿಗಿದೆ. ನಾನು ಹೆದರಿಸುತ್ತಿದ್ದೇನೆ ಎಂದುಕೊಂಡು ಭಾವ ಕೈಕಟ್ಟಿ ನಿಂತು ನಕ್ಕರು. 8 ಗಂಟೆ 55 ನಿಮಿಷಕ್ಕೆ ಗರಗಸ ಹಾಕಿದೆ. ನಗು ನಿಂತಿತು. ಅವರು ನನ್ನ ತೋಳು ಹಿಡಿದು ಎಳೆದರು, ನಾನು ಬಿಡಲಿಲ್ಲ. ಹೊರಚಿಪ್ಪು ಕಾರ್ಬನ್ ನಾರಿನದು, ಬಲು ಗಟ್ಟಿ, ಎರಡು ಬ್ಲೇಡು ಮುರಿದವು. 9 ಗಂಟೆ 6 ನಿಮಿಷಕ್ಕೆ ಹೆಲ್ಮೆಟ್ ಹಣೆಯಿಂದ ಹಿಂದಲೆಯವರೆಗೆ ಎರಡು ಹೋಳಾಯಿತು. ಹಲಸಿನ ಹಣ್ಣು ಕೊಯ್ದಾಗಲೂ ಜನ ಅಷ್ಟು ಬಗ್ಗಿ ನೋಡುವುದಿಲ್ಲ.

ಪೇದೆಯವರು ಇಲ್ಲಿ ತಡೆದು, ನೀವು ಒಡೆಯೋದಕ್ಕಿಂತ ಮುಂಚೆ ಹೆಲ್ಮೆಟ್ ಒಡೆದಿತ್ತಾ ಇಲ್ವಾ, ಒಂದೇ ಮಾತಲ್ಲಿ ಹೇಳಿ ಎಂದರು. ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಹೆಲ್ಮೆಟ್ಟಿನಲ್ಲಿ ಹೊರಚಿಪ್ಪಿನ ಕೆಲಸ ಏಟನ್ನು ಹರಡುವುದು. ಅದರೊಳಗೆ ಥರ್ಮೋಕೋಲಿನಂಥ ಗಟ್ಟಿ ಫೋಮ್ ಇರುತ್ತದೆ. ಏಟು ಬಿದ್ದಾಗ ಆ ಫೋಮ್ ಚಪ್ಪಟೆಯಾಗಿ, ತಲೆಗೆ ಹೋಗಬೇಕಾದ ಪೆಟ್ಟನ್ನು ತಾನು ನುಂಗುತ್ತದೆ. ಒಮ್ಮೆ ಚಪ್ಪಟೆಯಾದ ಫೋಮ್ ಮತ್ತೆ ಉಬ್ಬುವುದಿಲ್ಲ. ಎರಡನೇ ಏಟಿಗೆ ಅದು ಇದ್ದೂ ಇಲ್ಲದಂತೆ. ಇದೆಲ್ಲ ಒಳಗೇ ನಡೆಯುವುದರಿಂದ ಹೊರಗೆ ಒಂದು ಗೀರಿಗೆ ಬಣ್ಣ ಬಳಿದರೆ ಹೊಸದರಂತೆ ಕಾಣುತ್ತದೆ.

9 ಗಂಟೆ 10 ನಿಮಿಷಕ್ಕೆ ಎಲ್ಲರೆದುರು ಫೋಮ್ ಅಳೆದೆ. ಬಲ ಅರ್ಧದಲ್ಲಿ ದಪ್ಪ 38 ಮಿಲಿಮೀಟರ್. ಎಡ ಅರ್ಧದಲ್ಲಿ, ಕಿವಿಯ ಮೇಲೆ ಅಂಗೈಯಗಲದ ಜಾಗದಲ್ಲಿ, 23 ಮಿಲಿಮೀಟರ್. ಮೂರು ಸಲ ಅಳೆದೆ. ಭಾವನ ಕೈಗೆ ಅಳತೆಪಟ್ಟಿ ಕೊಟ್ಟೆ. ಅವರೂ ಅಳೆದರು. ಬಿದ್ದಿತ್ತು ಅಂದ್ನಲ್ಲ ಎಂದರು, ಆದರೆ ಈ ಸಲ ದನಿ ಇಳಿದಿತ್ತು.

ಖಾಲಿ ಹೆಲ್ಮೆಟ್ ಮೇಜಿನಿಂದ ಬಿದ್ದರೆ ಒಳಗಡೆಯಿಂದ ಫೋಮ್ ಹೀಗೆ ತಗ್ಗುವುದಿಲ್ಲ. ಒತ್ತುವುದಕ್ಕೆ ಒಳಗೊಂದು ತಲೆ ಇರಬೇಕು. ಇದನ್ನು ಹೇಳುವಾಗಲೇ ಆ ತಲೆ ಯಾರದೆಂದು ನನಗೆ ಹೊಳೆಯಿತು. ಅಲ್ಲಿಯವರೆಗೆ ನಾನು ನೋಡುತ್ತಿದ್ದುದು ಹೆಲ್ಮೆಟ್ಟನ್ನು ಮಾತ್ರ. ಹಿಂತಿರುಗಿ ಅಕ್ಕನ ಮಗಳನ್ನು ನೋಡಿದೆ. ಅವಳು ಅಷ್ಟರಲ್ಲಿ ಬಂದು ವರ್ಕ್‌ಶಾಪಿನ ಕಂಬಕ್ಕೆ ಒರಗಿ ನಿಂತಿದ್ದಳು. ಮೂರು ವಾರದ ಹಿಂದೆ ಬೇರೆ ಟ್ರ್ಯಾಕಿನಲ್ಲಿ ಅಭ್ಯಾಸ ಮಾಡುವಾಗ ಕಾರು ಜಾರಿ, ಕಾರಿನೊಳಗಿನ ಎಡಗಡೆಯ ಕಬ್ಬಿಣದ ಕಂಬಿಗೆ ತಲೆ ಬಡಿಯಿತು ಎಂದು ಒಪ್ಪಿಕೊಂಡಳು. ಅಪ್ಪಂಗೆ ಗೀರು ಬಿತ್ತು ಅಂತಷ್ಟೇ ಹೇಳಿದ್ದೆ, ಅವರದ್ದೇನೂ ತಪ್ಪಿಲ್ಲ, ನಂಗೇನೂ ಆಗಿಲ್ಲ ಮಾವ, ಬೇರೆ ಹೆಲ್ಮೆಟ್ ತರ್ತೀನಿ ಬಿಡು ಎಂದಳು. ತಲೆನೋವು ಇದೆಯೇ ಎಂದು ಕೇಳಿದೆ. ಇಲ್ಲ ಎಂದಳು. ಹಾಗೆನ್ನುವಾಗ ಬಾಗಿಲ ಬಿಸಿಲಿಗೆ ಕೈ ಅಡ್ಡ ಹಿಡಿದಿದ್ದಳು. ತಲೆಗೆ ಪೆಟ್ಟಾದವರಿಗೆ ಬೆಳಕು ಕಣ್ಣು ಚುಚ್ಚುತ್ತದೆ.

9 ಗಂಟೆ 35 ನಿಮಿಷಕ್ಕೆ ಅವಳನ್ನು ಟ್ರ್ಯಾಕಿನ ವೈದ್ಯರ ಹತ್ತಿರ ಕರೆದೊಯ್ದೆ. ಅವರು ತಮ್ಮ ಬೆರಳು ಆಡಿಸಿ, ಇದನ್ನು ನೋಡು ಎಂದರು, ನೋಡಿದಳು. ಒಂಟಿ ಕಾಲಲ್ಲಿ ನಿಲ್ಲು ಎಂದರು, ನಿಂತಳು. ನಾಲ್ಕು ನಿಮಿಷದಲ್ಲಿ ಸರಿಯಿದ್ದಾಳೆ ಎಂದು ಸಹಿ ಮಾಡಿದರು. ನಾನು ಎಡ ಅರ್ಧವನ್ನು ಮುಂದೆ ಹಿಡಿದೆ. ಇದನ್ನ ನಾನೇನು ಮಾಡ್ಲಿ, ನಾನು ಮನುಷ್ಯರ ಡಾಕ್ಟರು ಎಂದರು. 9 ಗಂಟೆ 50 ನಿಮಿಷಕ್ಕೆ ಟ್ರ್ಯಾಕಿನ ಮ್ಯಾನೇಜರ್ ಬಳಿ ಹೋಗಿ ಅವಳನ್ನು ರೇಸಿನಿಂದ ತಡೆಯಬೇಕೆಂದು ಕೇಳಿದೆ. ನಿಮ್ಮ ಕೆಲಸ ಹೆಲ್ಮೆಟ್ಟು ಸ್ವಾಮಿ, ತಲೆಯಲ್ಲ ಎಂದು ಅವರು ಉತ್ತರ ಕೊಟ್ಟರು. ಹತ್ತೊಂಬತ್ತು ವರ್ಷ ಹೆಲ್ಮೆಟ್ಟನ್ನು ನಾನು ಯಾಕೆ ನೋಡುತ್ತಿದ್ದೆ ಎಂದು ಅವರು ತಿಳಿದುಕೊಂಡಿದ್ದಾರೋ ಗೊತ್ತಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. ಗಂಡ ಒಂದು ಹೇಳ್ತಾರೆ, ತಮ್ಮ ಒಂದು ಹೇಳ್ತಾನೆ, ಮಗಳು ಏನೂ ಆಗಿಲ್ಲ ಅಂತಾಳೆ, ನಾನು ಯಾರ ಮಾತು ಕೇಳ್ಲೋ ಎಂದು ಅತ್ತಳು. ಅಷ್ಟರಲ್ಲಿ ಎಲ್ಲರೆದುರು ಮುಖಭಂಗವಾದ ಸಿಟ್ಟಿಗೆ ಭಾವ ಠಾಣೆಗೆ ದೂರು ಕೊಟ್ಟಿದ್ದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನನ್ನ ಪಾಲಿಗೆ ಆದದ್ದು ಅದೇ.

11 ಗಂಟೆ 5 ನಿಮಿಷಕ್ಕೆ ಪೊಲೀಸರು ಬಂದು ಎರಡೂ ಹೋಳುಗಳನ್ನು ಮುದ್ದೆಮಾಲು ಎಂದು ಚೀಲಕ್ಕೆ ಹಾಕಿ ಅರಗಿನ ಮುದ್ರೆ ಒತ್ತಿದರು. ನನ್ನನ್ನು 4 ಕಿಲೋಮೀಟರ್ ದೂರದ ಈ ಠಾಣೆಗೆ ಕರೆತಂದರು. ನನ್ನನ್ನು ಬೇಕಾದರೆ ಒಳಗಿಡಿ, ಎಡ ಅರ್ಧವನ್ನು ಮಾತ್ರ ದೊಡ್ಡಾಸ್ಪತ್ರೆಯ ವೈದ್ಯರಿಗೆ ತೋರಿಸಿ ಎಂದು ಠಾಣೆಯ ಸಾಹೇಬರಲ್ಲಿ ಕೇಳಿದೆ. ಎಲ್ಲಿ, ಎಷ್ಟು ಜೋರಾಗಿ ಏಟು ಬಿತ್ತು ಎಂಬುದನ್ನು ಆ ಹುಡುಗಿ ಹೇಳುವುದಿಲ್ಲ, ಫೋಮ್ ಹೇಳುತ್ತದೆ. ಸಾಕ್ಷಿ ವಸ್ತು ಹೊರಗೆ ಕೊಡಕ್ಕಾಗಲ್ಲ ಎಂದರು. 11 ಗಂಟೆ 30 ನಿಮಿಷದಿಂದ 1 ಗಂಟೆ 40 ನಿಮಿಷದವರೆಗೆ ಬೆಂಚಿನ ಮೇಲೆ ಕೂತಿದ್ದೆ. ಎದುರಿನ ಕಪಾಟಿನ ಮೇಲೆ ಪೇದೆಯವರ ಬೈಕಿನ ಹೆಲ್ಮೆಟ್ ಇತ್ತು. ಅದರ ಪಟ್ಟಿಯ ಕೊಂಡಿ ಮುರಿದಿದೆ. ಅದನ್ನು ಹೇಳಿದ್ದಕ್ಕೆ ಅವರು ಬೇಸರ ಮಾಡಿಕೊಂಡಿದ್ದಾರೆ.

ಇಲ್ಲಿಯವರೆಗೆ ಬರೆಯುವಾಗ 2 ಗಂಟೆ 35 ನಿಮಿಷ ಆಯಿತು. ಮುಂದಿನದು ನನ್ನ ಕಣ್ಣೆದುರು, ಈ ಮೇಜಿನ ಬಳಿಯೇ ನಡೆದದ್ದು.

ಹೆಲ್ಮೆಟ್ ಮಗಳದ್ದಾದ್ದರಿಂದ ಅವಳ ಹೇಳಿಕೆಯೂ ಬೇಕೆಂದು ಸಾಹೇಬರು ಕರೆಸಿದ್ದರು. ಭಾವ, ಅಕ್ಕ, ಮಗಳು ಮೂವರೂ ಬಂದರು. ಮಗಳು ರೇಸಿನ ಉಡುಪಿನಲ್ಲೇ ಇದ್ದಳು. ಭಾವನ ಕೈಯಲ್ಲಿ ಯಾರಿಂದಲೋ ತಂದ ಕೆಂಪು ಹೆಲ್ಮೆಟ್ ಇತ್ತು. ರೂಢಿಯಂತೆ ಅದನ್ನೂ ನೋಡಿದೆ, ಅದರಲ್ಲಿ ದೋಷವಿರಲಿಲ್ಲ. ಬೇಗ ಬರ್ಕೊಳ್ಳಿ ಸಾರ್, ನಾಲ್ಕಕ್ಕೆ ರೇಸು ಎಂದು ಭಾವ ಅವಸರ ಮಾಡಿದರು. ನನ್ನ ಕಡೆ ನೋಡಲಿಲ್ಲ.

ಪೇದೆಯವರು ನನ್ನ ಹಾಳೆ ಪಕ್ಕಕ್ಕಿಟ್ಟು ಹೊಸ ಹಾಳೆ ತೆಗೆದು ಅವಳ ಹೆಸರು ಕೇಳಿದರು. ಹೇಳಿದಳು. ವಯಸ್ಸು ಕೇಳಿದರು. 23 ಎಂದಳು. ವಿಳಾಸ ಕೇಳಿದರು. ನೀರಿನ ಟ್ಯಾಂಕ್ ಪಕ್ಕದ ಕಟ್ಟಡ, ಎರಡನೇ ಮಹಡಿ, ಮೆಟ್ಟಿಲು ಹತ್ತಿದ ತಕ್ಷಣ ಎಡಗಡೆ ಬಾಗಿಲು ಎಂದಳು. ಪೇದೆಯವರು ಬರೆದುಕೊಂಡರು.

ಅವರು ಆ ಮನೆ ಬಿಟ್ಟು ಆರು ವರ್ಷವಾಗಿದೆ. ಆ ಕಟ್ಟಡ ಈಗಿಲ್ಲ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಮಾತಾಡಲು ಬಾಯಿ ತೆರೆದೆ, ಭಾವ ಕೈಯೆತ್ತಿ ತಡೆದರು. ಅವರು ಮಗಳ ಪಕ್ಕ ಬಗ್ಗಿ, ಪುಟ್ಟಾ, ಇವತ್ತು ಬೆಳಿಗ್ಗೆ ನಾವು ಯಾವ ಮನೆಯಿಂದ ಹೊರಟ್ವಿ ಹೇಳು ಎಂದು ಮೆಲ್ಲಗೆ ಕೇಳಿದರು. ಅವಳು ನಕ್ಕು, ಈಗ ತಾನೇ ಹೇಳಿದ್ನಲ್ಲಪ್ಪಾ, ಅದೇ ಮನೆ ಎಂದಳು. ಮುಂದಿನ ಪ್ರಶ್ನೆಗೆಂದು ಪೇದೆಯವರ ಮುಖ ನೋಡುತ್ತಾ ಕೂತಳು.

ಭಾವ ಕೆಂಪು ಹೆಲ್ಮೆಟ್ಟನ್ನು ನೆಲದ ಮೇಲಿಟ್ಟರು. ಸಾಹೇಬರು ಎದ್ದು ಬಂದು, ತಾವೇ ಚೀಲದ ಅರಗು ಒಡೆದು, ಒಂದು ಹೋಳು ಒಯ್ಯಬಹುದು ಎಂದು ಚೀಟಿ ಬರೆದುಕೊಟ್ಟರು. ಭಾವ ಚೀಲದೊಳಗೆ ಕೈ ಹಾಕಿ ಎರಡೂ ಹೋಳು ತೆಗೆದರು. ಎರಡೂ ಹಳದಿ, ಎರಡೂ ಹೊಳೆಯುತ್ತಿದ್ದವು. ಮೂವತ್ತು ವರ್ಷದಿಂದ ಇಂಜಿನ್ ಬಿಚ್ಚಿ ಜೋಡಿಸುವ ಮನುಷ್ಯ ನನ್ನ ಕಡೆ ತಿರುಗಿ, ಎಡಗಡೇದು ಯಾವ್ದೋ, ತೋರ್ಸೋ ಎಂದರು. ತೋರಿಸಿದೆ. 2 ಗಂಟೆ 52 ನಿಮಿಷಕ್ಕೆ ಪೊಲೀಸ್ ಜೀಪಿನಲ್ಲಿ ಮೂವರೂ ಆಸ್ಪತ್ರೆಗೆ ಹೋದರು. ಜೀಪು ಹತ್ತುವಾಗ ಅವಳು, ಮಾವ, ನಾಲ್ಕಕ್ಕೆ ರೇಸಿದೆ, ಮರೀಬೇಡ ಎಂದು ನನಗೆ ಕೂಗಿ ಹೇಳಿದಳು.

ಪೇದೆಯವರು ಈ ಹೇಳಿಕೆಯನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಕೂಡಿಸುವುದೂ ಕಳೆಯುವುದೂ ಇಲ್ಲ. ಹೆಲ್ಮೆಟ್ ಕೊಯ್ದವನು ನಾನೇ. ಅದನ್ನು ತಪ್ಪೆಂದು ಒಪ್ಪಿಕೊಳ್ಳಲು ಕೇಳಿದ್ದಾರೆ, ಒಪ್ಪಿಕೊಳ್ಳುತ್ತೇನೆ. ಎಂಟು ದಿನದ ಹಿಂದೆ, ಅವಳು ದೀಪ ತಿರುಗಿಸು ಎಂದಾಗಲೇ ಕೊಯ್ಯಬೇಕಿತ್ತು.

ಸ್ಥಳ: ಪೊಲೀಸ್ ಠಾಣೆ, ಬರಹಗಾರರ ಮೇಜು
ದಿನ: ಭಾನುವಾರ, ಮಧ್ಯಾಹ್ನ 3 ಗಂಟೆ 20 ನಿಮಿಷ
ಹೇಳಿಕೆದಾರರ ಸಹಿ: ಹಾಕಿದೆ
ದೂರುದಾರರ ಸಹಿ: ಹಾಕದೆ ಹೋಗಿದ್ದಾರೆ