ಸೋಮವಾರ ಬಿಡುವಿಲ್ಲದ ಗಡಿಯಾರ

ಎಂಬತ್ನಾಲ್ಕರ ಆಷಾಢ. ಬೆಳಗಾವಿಯಿಂದ ಖಾನಾಪುರಕ್ಕೆ ಹೊರಟ ರೈಲುಗಾಡಿ ದೇಸೂರಿನಲ್ಲಿ ನಿಂತು ತಾಸಾಗಿತ್ತು. ಮಳೆ ಬಿಡುವ ಲಕ್ಷಣವಿರಲಿಲ್ಲ. ಡಬ್ಬಿಯಲ್ಲಿದ್ದ ನಾವು ನಾಲ್ಕು ಮಂದಿ ಎದುರಿಗೆ ಕುಳಿತ ಮುದುಕರನ್ನು ಮಾತಿಗೆಳೆದೆವು. ಹೆಸರು ತಮ್ಮಣ್ಣ, ಗಡಿಯಾರ ರಿಪೇರಿ ಕಸಬು ಎಂದರು. ಈಗ ಆ ಕಸಬು ಬಿಟ್ಟಿದ್ದಾರಂತೆ. ಯಾಕೆಂದು ಕೇಳದೆ ಇರುವವರೇ ನಾವು?

“ಸನೇಕ ಬಂದು ಕುಂದರ್ರಿ, ಹೇಳ್ತೀನಿ. ಅನಗೋಳದಾಗ ಗುರುಪುತ್ರಪ್ಪ ಸಾವ್ಕಾರ್ರು ಅಂತ ಇದ್ರು. ಅರಿವಿ-ಬಟ್ಟಿ ಅಂಗಡಿ ಅವರದು, ಹುಚ್ಚು ಮಾತ್ರ ಗಡಿಯಾರದ್ದು. ವಿಕ್ಟೋರಿಯಾ ರಾಣಿ ಕಾಲದಾವು… ಬಂಗಾರದ ನೀರು ಕೊಟ್ಟ ಎಲಿ-ಬಳ್ಳಿ, ಪಿಂಗಾಣಿ ಮುಖದ ಮ್ಯಾಲೆ ಗುಲಾಬಿ ಹೂ… ಅಂಥಾವು ಹನ್ನೊಂದು ಕೂಡಿಸಿದ್ರು. ಸೋಮವಾರ ನಾವು ಎತ್ತಿಗೆ ನೊಗ ಇಡಂಗಿಲ್ಲಲ್ರೀ, ಸಾವ್ಕಾರ್ರು ಗಡಿಯಾರಕ್ಕೂ ಅದ ನೇಮ ಮಾಡಿದ್ರು. ಮುಂಜಾನೆ ವಿಭೂತಿ ಹಚ್ಚಿಕೊಂಡು ಬಂದು ಒಂದೊಂದ ಲೋಲಕ ಹಿಡಿದು ನಿಲ್ಲಿಸೋರು. ದುಡದಾವು, ಒಂದಿನ ಆರಾಮ ಮಾಡ್ಲಿ ಅನ್ನೋರು. ನಗಬ್ಯಾಡ್ರಿ, ಭಾಳ ಛಲೋ ಮನಷ್ಯಾ.

ಎಪ್ಪತ್ತೊಂಬತ್ತರಾಗ ಖಾನಾಪುರದ ಅಡವ್ಯಾಗ ಒಂದು ಹಳೇ ಬಂಗ್ಲೆದಾಗ ಕರೀ ಕಲ್ಲಿನ ಗಡಿಯಾರ ಸಿಕ್ತು. ಬಂಗ್ಲೆ ಕಾಯೋ ಭರಮವ್ವ ಕೊಡೂಮುಂದ ಹೇಳಿದ್ಲು, ‘ನಿಲ್ಲಸಬ್ಯಾಡ್ರಿ. ನಿಲ್ಲಸಾಕ ಹೋದವರ ಆಯುಷ್ಯ ತಿಂದು ಓಡತೈತಿ.’

ಸೋಮವಾರ ಬಂತು. ಹನ್ನೊಂದು ಸುಮ್ಮನಾದುವು, ಇದೊಂದು ಟಕ್ ಟಕ್… ಸಾವ್ಕಾರ್ರಿಗೆ ತಡಕೊಳ್ಳಾಕ ಆಗಲಿಲ್ಲ. ಹಂಗಂತ ತಾವು ಮುಟ್ಟಿದ್ರೇನು? ಇಲ್ಲ… ನನ್ನ ಕರೆ ಕಳಿಸಿದ್ರು. ಏನಾಗತೈತಿ ನೋಡೂಣು ಅಂತ ನನಗೂ ಹುಕಿ ಬಂತು, ಲೋಲಕ ಬಿಚ್ಚೇಬಿಟ್ಟೆ. ಗಡಿಯಾರ ನಿಲ್ಲಲಿಲ್ಲ, ಹುಚ್ಚು ಹಿಡದಂಗ ಓಡಾಕ ಹತ್ತಿತು. ಇರ್ಲಿ, ಚಾವಿ ತೀರಿದ್ರ ತಾನ ನಿಲ್ಲತೈತಿ ಅಂದೆ. ಸಂಜೀತನಕ ಓಡಿತು. ಅಷ್ಟೊತ್ತು ಅದಕ್ಕ ಚಾವಿ ಕೊಟ್ಟವರು ಯಾರು? ತಿರುಗಿ ಲೋಲಕ ಹಾಕಿದೆ. ಸಾವ್ಕಾರ್ರ ಹೆಂಡತಿ ಶಿವಬಸವ್ವ ನನ್ನ ಮಾರಿ ನೋಡಿ ಬಾಯಿಗೆ ಸೆರಗು ಹಿಡಕೊಂಡ್ರು. ನಾ ಗಡಿಯಾರದ ಗಾಜಿನಾಗ ನೋಡಿಕೊಂಡೆ… ತಲಿ ಪೂರಾ ಬೆಳ್ಳಗ.

ಆವಾಗ ನನಗ ಇಪ್ಪತ್ತಾರು ವರ್ಷ. ಈಗ ಮೂವತ್ತೊಂದು.”

ನಾವು ಅವರ ಮುಖವನ್ನೇ ನೋಡಿದೆವು. ಅವರ ಬಾಯಲ್ಲಿ ಉಳಿದದ್ದು ಒಂದೆರಡೇ ಹಲ್ಲು.

“ಸಾವ್ಕಾರ್ರು ಹೆದರಿ ಗಡಿಯಾರ ನನಗ ಕೊಟ್ಟುಬಿಟ್ರು. ಹೆಂಗ ಬಿಡಿಸಿಕೊಳ್ಳೂದು ಅಂತ ಭರಮವ್ವನ್ನ ಕೇಳಿದೆ. ಇನ್ನೊಬ್ರು ಅದರ ಲೋಲಕ ಬಿಚ್ಚಿದ್ರ ನಿನ್ನ ಬಿಡತೈತಿ ಅಂದ್ಲು. ನನಗ ಬದಕೂ ಆಸೆ ಐತ್ರೀ… ಅದಕ್ಕ ಹಿಂಗ ಗಾಡ್ಯಾಗ ಅಡ್ಯಾಡತೀನಿ. ಓಡೂ ಗಾಡ್ಯಾಗ ಲೋಲಕದ ಗಡಿಯಾರ ನಡಿಯಂಗಿಲ್ಲ, ಖರೇ. ಆದ್ರ ಈ ಸೀಟಿನ ಕೆಳಗ ಒಂದು ಗಂಟು ಐತಿ, ಕಿವಿಗೊಟ್ಟು ಕೇಳ್ರಿ…

ತಗದು ನೋಡಬೇಕೇನ್ರಿ?”