ಕಣಕ್ಕೆ ಬಂದ ಚೆಂಡು

...ಅದಕ್ಕೇನೋ ಅಂತಾರೆ ಕಣಪ್ಪ. ಮೇ... ಮೊ... ಥೂ, ನಾಲಗೆ ತುದೀಲೇ ಅದೆ, ಬರ್ತಾ ಇಲ್ಲ. ಕಣದ ನಡುಮಧ್ಯ ನೆಟ್ಟಿರ್ತಿದ್ರಲ್ಲ, ಮರದ ಕಂಬ. ಎತ್ತುಗಳನ್ನ ಅದಕ್ಕೆ ಕಟ್ಟಿ ತೆನೆ ಮೇಲೆ ಸುತ್ತು ತುಳಿಸ್ತಿದ್ರು. ಅದರ ಸುತ್ತಾನೇ ಅಲ್ವಾ ನೀನು ಚೆಂಡು ಕಲ್ತದ್ದು... ಯಾಕ್ಲಾ ನಗ್ತೀಯ? ಹುಟ್ಟಿದೂರಿನ ಮಾತೇ ಅವ್ವನಿಗೆ ಮರೆತೋಯ್ತು ಅಂತಾನಾ? ಜಬಲ್ಪುರದ ಕ್ವಾರ್ಟರ್ಸಲ್ಲಿ ಯಾರ ಹತ್ರ ಆಡ್ಲಿ ಈ ಮಾತ? ಪಕ್ಕದ ಮನೆಯವಳ ಹತ್ರ ಕಣ, ರಾಶಿ ಅಂದ್ರೆ ಅರ್ಥ ಆಗ್ದೆ ಒಳಗೆ ಹೋಗಿ ಚಾ ತಂದು ಕೊಡ್ತಾಳೆ.

ನಗು, ನಗು. ಬೆಳಗಿಂದ ಒಂದು ಮಾತಾಡಿಲ್ಲ ನೀನು, ನಗೋದಾದ್ರೂ ನಗು.

ಹೊರಗೆ ಮೈಕಲ್ಲಿ ಆ ಶಂಕರ್ ಕೂಗೋದು ಕೇಳಿಸ್ತಾ? ಭೀಮನಬೀಡಿನ ಹೆಮ್ಮೆಯ ಮೊಮ್ಮಗ, ಸೇನೆಯ ಹವಾಲ್ದಾರ್, ದೇಶದ ಫುಟ್‌ಬಾಲ್ ತಂಡದ ಸ್ಟ್ರೈಕರ್ ಶಶಿಕುಮಾರ್ ಇನ್ನು ಸ್ವಲ್ಪ ಹೊತ್ತಿನಲ್ಲಿ ಮೈದಾನಕ್ಕೆ ಇಳಿಯಲಿದ್ದಾರೆ ಅಂತೆ. ಶಾಲು ಹೊದಿಸಿ ಪೇಟ ತೊಡಿಸ್ತಾರೆ ಅಂದ್ರೆ ಸಾಕಾಗಿತ್ತಪ್ಪ. ಇಳೀತಾರೆ ಅಂತ ಅವನಿಗೆ ಯಾರು ಹೇಳಿದ್ರೋ. ಮಹದೇವಸ್ವಾಮಿ ಕೆಲಸವೇ ಇರ್ಬೇಕು. ನಿನ್ನ ಮಾವನ ಮಗ ಅಲ್ವಾ, ಕೇಳಿ ಮಾಡೋದು ಅನ್ನೋದೇ ಆ ಮನೇಲಿಲ್ಲ. ನಂಗೇನು ಗೊತ್ತು? ನೀನು ಹಾಗೆ ನೋಡ್ಬೇಡ ನನ್ನ.

ಇದು ಊರಾ ಇದು? ಹಾಕಿರೋ ಫ್ಲೆಕ್ಸ್ ನೋಡಿದ್ಯಾ? ನಿನ್ನ ಮುಖ ಅಂಗೈಯಗಲ, ನಿನ್ನ ಮಾವನ ಮುಖ ಮೊರದಗಲ. ಗುಂಡ್ಲುಪೇಟೆಯಿಂದ ಬರ್ತಾ ದಾರೀಲಿ ನೋಡ್ದೆನಲ್ಲ, ಹುರುಳಿ ಸೊಪ್ಪನ್ನ ಟಾರು ರೋಡಿನ ಮೇಲೆ ಹರಡವ್ರೆ. ಬಸ್ಸು, ಲಾರಿ, ನಮ್ಮ ಕಾರು, ಎಲ್ಲ ಅದರ ಮೇಲೇ ಹೋಗ್ಬೇಕು. ಒಕ್ಕಣೆ ಆಯ್ತಂತೆ. ಸಗಣಿ ಸಾರಿಸಿದ ಕಣಕ್ಕೆ ಮೆಟ್ಟು ಹಾಕ್ಕೊಂಡು ಕಾಲಿಡಂಗಿರಲಿಲ್ಲ ನಮ್ಮ ಕಾಲದಲ್ಲಿ. ಈಗ ಲಾರಿ ಗಾಲಿ ಆಗ್ತದೆ.

ಅದನ್ನೇ ಹೇಳ್ತಿದ್ದೆ ನಿನ್ನೆ ಅಣ್ಣನಿಗೆ. ಕಣ ಎಲ್ಲಿ ಅಣ್ಣ, ಕಂಬ ಎಲ್ಲಿ ಅಂದೆ. ಅದು ಯಾಕಮ್ಮ ಈಗ, ಕಿತ್ತು ಸೌದೆ ಮಾಡಿದ್ವಿ, ಜಾಗ ಹುಡುಗ್ರ ಆಟಕ್ಕೆ ಬುಟ್ಟಿದೀನಿ ಅಂದ. ಬುಟ್ಟಿದಾನಂತೆ. ಯಾರು, ನಿನ್ನ ಮಾವ ಚಿಕ್ಕಮಲ್ಲಪ್ಪ. ಅಷ್ಟಕ್ಕೇ ನಿಂತ್ನಾ? ಜಗಲಿ ಮೇಲೆ ಕೂತಿದ್ದ ಅಷ್ಟು ಜನದ ಮುಂದೆ, ನಮ್ಮ ಶಶಿಗೆ ಮೊದಲನೇ ಚೆಂಡು ಕೊಡಿಸಿದ್ದೇ ನಾನು ಅಂದ. ನೀನೂ ಅಲ್ಲೇ ಇದ್ದೆ. ನೀನು ತಲೆ ಆಡಿಸ್ದೆ. ಹೂಂ ಕಣ್ಲಾ, ಆಡಿಸ್ದೆ, ನಾನು ನೋಡ್ದೆ. ನಂಗೆ ಮೈಯೆಲ್ಲ ಉರಿದೋಯ್ತು.

ಬೃಂದಾ, ಬಾ ಇಲ್ಲಿ, ನೀನೂ ಕೇಳು. ನಿಮ್ಮಪ್ಪ ಹೇಳಲ್ಲ ಇದನ್ನ.

ನಿಮ್ಮ ತಾತ ತೀರ್ಕೊಂಡ ಮೇಲೆ ಇವನನ್ನ ಕಂಕುಳಲ್ಲಿ ಎತ್ಕೊಂಡು ತವರಿಗೆ ಬಂದವಳು ನಾನು. ಅಣ್ಣನ ಮನೆ, ಅಣ್ಣನ ಊಟ, ದುಡೀತಿದ್ದೆ. ಇವನು ದೊಡ್ಡೋನಾದ, ಸ್ಕೂಲಿನ ಮೇಷ್ಟ್ರು ಹಳೇದೊಂದು ತೊಗಲಿನ ಚೆಂಡು ಕೊಟ್ರು. ಆ ಸಲ ರಾಗಿ ರಾಶಿ ಮಾಡಿ, ಪೂಜೆಗೆ ಅಂತ ಕಾಯಿ ಇಟ್ಟು, ಎಲ್ಲರೂ ಬಾಯಿ ಮುಚ್ಕೊಂಡು ನಿಂತವ್ರೆ. ರಾಶಿ ಪೂಜೆ ಮುಗಿಯೋ ಗಂಟ ಮಾತಾಡಬಾರದು, ಗೊತ್ತಾ? ಆಗ ಎತ್ಲಾಗಿಂದಲೋ ಇವನ ಚೆಂಡು ಬಂದು ರಾಶಿ ಮೇಲೆ ಕೂತ್ಕೊಬೇಕಾ. ತೊಗಲು. ದೇವರ ರಾಶಿ ಮೇಲೆ. ಇವನೋ ಕಂಬ ಸುತ್ತಿಕೊಂಡು ಅದರ ಹಿಂದೆ ಓಡಿ ಬಂದ. ಬರಿಗಾಲು, ಪಾಪ, ಮೆಟ್ಟಿರಲಿಲ್ಲ. ಅಣ್ಣ ಪೂಜೆ ಮುಗಿಸ್ದ. ಆಮೇಲೆ ಕುಡುಗೋಲು ತಗೊಂಡು ಚೆಂಡು ಸೀಳಿ ತಿಪ್ಪೆಗೆ ಎಸೆದ. ನನ್ನ ಕಡೆ ತಿರುಗಿ ಅಂದ, "ಇವನ ಕಾಲು ಇನ್ನು ನನ್ನ ಕಣದಲ್ಲಿ ಕಾಣಬಾರದು."

ಅಷ್ಟೇ ಅಂದದ್ದು. ಕೂಗ್ಲೂ ಇಲ್ಲ. ಅದೇ ನಂಗೆ ತಡೀಲಿಲ್ಲ.

ಸಂಜೆ ಬಸ್ಸಿಗೆ ನಾನು, ಇವನು ಚಾಮರಾಜನಗರಕ್ಕೆ ಹೊರಟ್ವಿ. ಬಾ ಅಂತ ಅಣ್ಣ ಯಾರನ್ನೂ ಕಳಿಸಲಿಲ್ಲ. ಅಲ್ಲೇ ಒಂದು ಫ್ಯಾಕ್ಟರೀಲಿ ಕಸ ಗುಡಿಸೋ ಕೆಲಸ ಸಿಕ್ತು. ಇವನು ಆಡೋದು ಬುಡಲಿಲ್ಲ, ನಾನೂ ಬುಡು ಅನ್ನಲಿಲ್ಲ. ಸೇನೆಯವರು ಆಳು ಸೇರಿಸೋಕೆ ಚಾಮರಾಜನಗರಕ್ಕೆ ಬಂದಾಗ ಬರಿಗಾಲಲ್ಲಿ ಓಡಿದ ನಿಮ್ಮಪ್ಪ. ಬೂಟು ಹಾಕ್ಕೊಂಡ ಹುಡುಗ್ರೆಲ್ಲ ಹಿಂದೆ. ಸೇರ್ಕೊಂಡ ಮೇಲೆ ಬೂಟು ಕೊಟ್ರಲ್ಲ, ಆಗ ನೋಡ್ಬೇಕಿತ್ತು ಇವನ ಪಾಡು. ಬೂಟಲ್ಲಿ ಒದ್ರೆ ಚೆಂಡು ಯಾವ ಕಡೆಗೋ ಹೋಗ್ತದೆ ಅವ್ವಾ ಅಂತ ಫೋನಲ್ಲಿ ಅಳು. ಅವರ ಸುಬೇದಾರರು, ಬೂಟು ಹಾಕ್ಕೊಂಡೇ ಮಲಗು, ಕಾಲಿಗೆ ಅಭ್ಯಾಸ ಆಗ್ಲಿ ಅಂದ್ರಂತೆ. ಮಲಗಿದಾನೆ ಪುಣ್ಯಾತ್ಮ. ಕೇಳು ಬೇಕಾದ್ರೆ... ನೋಡು, ಈಗ ನಕ್ಕ.

ಬಂದೂಕನ್ನೂ ಹಿಡಿದ, ಹಿಮದಲ್ಲೂ ನಿಂತ. ಅಲ್ಲಿಂದ ಸೇನೆಯ ತಂಡ, ಆಮೇಲೆ ದೇಶದ ತಂಡ. ಪೇಪರಲ್ಲಿ ಇವನ ಹೆಸರು ಬಂದಾಗ ಮೈಸೂರು ಅಂತ ಬರೆದಿದ್ರು ಊರನ್ನ. ಮೈಸೂರಂತೆ. ಅದಕ್ಕೂ ಸಿಟ್ಟು ಬಂದಿತ್ತು ನಂಗೆ. ಭೀಮನಬೀಡು ಅಂತ ಬರೀಬೇಕಿತ್ತು. ಯಾಕೆ ಅಂತ ಕೇಳ್ಬೇಡ.

ಆ ಹೊರದೇಶದ ಆಟದಲ್ಲಿ ನೀನು ತಲೇಲಿ ಹೊಡೆದೆಯಲ್ಲ ಶಶಿ, ಆ ಗೋಲು, ನೀಲಿ ಬನೀನು ಹಾಕ್ಕೊಂಡು... ಏನು ಬೃಂದಾ? ಜರ್ಸಿ. ಆಯ್ತು, ಜರ್ಸಿ. ಕ್ವಾರ್ಟರ್ಸಿನ ಹೆಂಗಸರೆಲ್ಲ ನಮ್ಮ ಟಿವಿ ಮುಂದೆ ಕೇಕೆ ಹಾಕಿದ್ರು. ನಿನ್ನ ಹೆಂಡ್ತಿ ಲಕ್ಷ್ಮಿದೇವಿ ಅತ್ತೇಬಿಟ್ಲು. ನನ್ನ ಮನಸ್ಸಿಗೆ ಏನು ಬಂತು ಗೊತ್ತಾ? ಅಣ್ಣ ನೋಡಿದ್ನಾ ಅಂತ. ದೇಶ ಗೆಲ್ತೋ ಸೋಲ್ತೋ ನಂಗೆ ನೆನಪಿಲ್ಲ ಕಣಪ್ಪ. ಅವನು ನೋಡಿದ್ನಾ ಅಂತ ಮಾತ್ರ.

ಇಷ್ಟು ವರ್ಷ ಆದ ಮೇಲೆ ಬಂದ್ರೆ, ಚೆಂಡು ನಾನೇ ಕೊಡಿಸಿದ್ದು ಅಂತಾನೆ. ನಿನ್ನೆ ಅವನೊಬ್ಬನೇ ಇದ್ದಾಗ ಕೇಳ್ದೆ ನಾನು. ಅಣ್ಣ, ಕುಡುಗೋಲಲ್ಲಿ ಸೀಳಿದ್ಯಲ್ಲ ಚೆಂಡು, ಜ್ಞಾಪಕ ಇದ್ಯಾ ಅಂದೆ. ಯಾವ ಚೆಂಡಮ್ಮ ಅಂದ. ಸುಳ್ಳು ಹೇಳ್ತಿರಲಿಲ್ಲ ಶಶಿ, ಅವನ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ನಿಜವಾಗ್ಲೂ ಮರೆತವ್ನೆ. ಹೊಟ್ಟೇಲಿ ಇಟ್ಕೊಂಡು ನಾನು ಜಬಲ್ಪುರದ ತನಕ ಹೊತ್ತದ್ದನ್ನ ಅವನು ಇಲ್ಲೇ ಎಲ್ಲೋ ಬಿಸಾಕಿ ಊಟ ಮಾಡ್ಕೊಂಡಿದಾನೆ. ಯಾರ ಮೇಲೆ ಸಿಟ್ಟು ಮಾಡ್ಲಿ ನಾನು ಈಗ?

ಅದಕ್ಕೇ ಹೇಳೋದು. ಒಂದು ಐದು ನಿಮಿಷ. ಜಾಸ್ತಿ ಬೇಡ. ಆ ಕಂಬ ಇದ್ದ ಜಾಗದಲ್ಲಿ ನಿಂತು ಒಂದು ಸಲ ಒದ್ದುಬುಡು. ಅವನು ಮುಂದೇನೇ ಕುರ್ಚೀಲಿ ಕೂತವ್ನೆ. ನೋಡ್ತಾನೆ. ನೋಡಿದ್ರೆ ನೆನಪಾಗ್ತದೆ. ನೆನಪಾದ್ರೆ ಸಾಕು ನಂಗೆ.

ಯಾಕ್ಲಾ ಮಂಡಿ ಸವರ್ಕೋತೀಯ?

ಮಂಡಿ ನೋವು ಅಂತಾನಾ? ಅವತ್ತು ಕ್ಯಾಂಪಲ್ಲಿ ತಿರುಚಿದ್ದು, ಇಷ್ಟು ತಿಂಗಳಾಯ್ತು. ಆಪರೇಷನ್ನೂ ಆಯ್ತು. ತಂಡದಿಂದ ಕೈಬಿಟ್ರು, ಸರಿ. ಅದು ದೇಶದ ಆಟ, ಇದು ಊರ ಹುಡುಗ್ರ ಆಟ. ಮೆಲ್ಲಗೆ ಒದ್ದರಾಯ್ತು. ಆಗಲ್ಲ ಅಂದ್ರೆ ಆಗಲ್ಲ ಅನ್ನು. ಬಾಯಿ ಬುಟ್ಟು ಹೇಳು. ಮಹದೇವಸ್ವಾಮಿಗೆ ನೀನೇ ಫೋನಲ್ಲಿ ಆಡಲ್ಲ ಅಂದಿದ್ದೆ ಅಂತ ನಂಗೂ ಗೊತ್ತು. ಆಮೇಲೆ ಯಾರು ಆಡ್ತಾನೆ ಅಂದ್ರೋ... ಯುವಕ ಸಂಘದವರು ಇರ್ಬೇಕು. ಜನ ಸೇರಲಿ ಅಂತ ಏನೇನೋ ಹೇಳ್ತಾರೆ. ಇಲ್ಲ ಆ ಶಂಕರ್. ಮೈಕು ಕೈಗೆ ಸಿಕ್ರೆ...

ಏನ್ಲಾ ಮಾಡ್ತಿದೀಯ?

ಬ್ಯಾಗಿಂದ ಏನು ತೆಗೆದೆ? ಬೂಟು ತಂದಿದ್ಯಾ ಜಬಲ್ಪುರದಿಂದ? ಆಡಲ್ಲ ಅಂದೋನು ಬೂಟು ಯಾಕೆ ತಂದೆ? ಶಶಿ. ನಾನು ಮಾತಾಡ್ತಾ ಇದೀನಿ, ತಲೆ ಎತ್ತು. ಲೇಸು ಕಟ್ಬೇಡ.

ಗೊತ್ತಿತ್ತು ನಿಂಗೆ.

ಹೊರಡೋಕೆ ಮುಂಚೇನೇ ಗೊತ್ತಿತ್ತು, ನಾನೇ ಹೇಳಿದ್ದು ಅಂತ. ಅದಕ್ಕೇ ಬೆಳಗಿಂದ ಒಂದು ಮಾತಿಲ್ಲ. ನಾನು ಅವರಿವರ ಮೇಲೆ ಹಾಕ್ತಾ ಇದ್ರೆ ಕೂತು ಕೇಳ್ತಾ ಇದೀಯ... ಹೂಂ, ನಾನೇ ಕಣಪ್ಪ. ನೀನು ಡ್ಯೂಟಿಗೆ ಹೋದಾಗ ಮಹದೇವಸ್ವಾಮಿಗೆ ಫೋನು ಮಾಡಿಸಿ, ಆಡ್ತಾನೆ, ನಿಮ್ಮಪ್ಪನ್ನ ಮುಂದೆ ಕೂರಿಸು ಅಂದೆ. ಕುರ್ಚಿ ಮುಂದಕ್ಕೆ ಹಾಕ್ಸಿದ್ದೂ ನಾನೇ.

ಆಸ್ಪತ್ರೇಲಿ ಡಾಕ್ಟರು ನಿಂಗೆ ಹೇಳಿದಾಗ ನಾನು ಬಾಗಿಲಾಚೆ ನಿಂತಿದ್ದೆ. ಅವ್ವನಿಗೆ ಹಿಂದಿ ಬರಲ್ಲ ಅಂದ್ಕೊಂಡಿದೀರ ನೀವೆಲ್ಲ. ಇಷ್ಟು ವರ್ಷ ತರಕಾರಿ ಯಾವ ಭಾಷೇಲಿ ತಂದೆ ನಾನು? ಇನ್ನೊಂದು ಸಲ ಆ ಮಂಡಿ ತಿರುಚಿದ್ರೆ ಕೋಲು ಹಿಡಿದೇ ನಡೀಬೇಕು, ಸೇನೇಲೂ ಇಟ್ಕೊಳಲ್ಲ ಅಂದ್ರು. ಕೇಳಿಸ್ತು. ಚೆನ್ನಾಗಿ ಕೇಳಿಸ್ತು. ಆಮೇಲೇ ಫೋನು ಮಾಡಿಸಿದ್ದು.

ನೀನೂ ಹೂಂ ಅಂತ ಕಟ್ತಾ ಕೂತಿದೀಯಲ್ಲ ಲೇಸು. ಅವತ್ತು ಅವನು ನಿನ್ನ ಕಾಲು ಕಾಣಬಾರದು ಅಂದ. ಇವತ್ತು ನಾನು ಕಾಣ್ಬೇಕು ಅಂತೀನಿ. ಕಾಲು ನಿನ್ನದು ಅಂತ ನಾವಿಬ್ರೂ ಒಂದು ಸಲವಾದ್ರೂ ಅಂದ್ವಾ?

ಬಿಚ್ಚು. ಬಿಚ್ಚು ಅಂದೆ. ಕೈ ತೆಗಿ, ನಾನೇ ಬಿಚ್ತೀನಿ... ಎಷ್ಟು ಬಿಗೀತೀಯಪ್ಪ ಗಂಟ.

ಬೃಂದಾ, ಆ ಆಹ್ವಾನ ಪತ್ರಿಕೆ ತಗೊ ಕಣಮ್ಮಿ, ಹಿಂದ್ಗಡೆ ಖಾಲಿ ಅದೆ. ನಿಮ್ಮವ್ವ ಕಲಿಸಿದ ಕನ್ನಡದಲ್ಲೇ ಬರಿ, ಇಲ್ಲಿ ಹಿಂದಿ ಓದೋರಿಲ್ಲ. ಶಂಕರನಿಗೆ ಕೊಟ್ರೆ ಮೈಕಲ್ಲಿ ಓದ್ತಾನೆ, ಚೀಟಿ ಬಂದ್ರೆ ಏನಿದ್ರೂ ಓದ್ತಾನೆ ಅವನು. ಬರಿ. ಹವಾಲ್ದಾರ್ ಶಶಿಕುಮಾರ್ ಇವತ್ತು ಆಡುವುದಿಲ್ಲ. ಮಂಡಿ ಸರಿಯಿಲ್ಲ. ಆಡ್ತಾನೆ ಅಂತ ಹೇಳಿದ್ದು ಅವರವ್ವ ಪುಟ್ಟಸಿದ್ದಮ್ಮ... ನನ್ನ ಹೆಸರು ಹಾಕು. ಇಂಥವನ ತಂಗಿ ಅಂತ ಅಣ್ಣನ ಹೆಸರು ಬೇಡ. ಬೇಡ ಅಂದೆನಲ್ಲ, ಹೊಡೆದುಹಾಕು.

ಆಯ್ತಾ? ತಾಳು, ಹೋಗ್ಬೇಡ. ಮೇಟಿ. ಆ ಕಂಬಕ್ಕೆ ಮೇಟಿ ಅಂತಾರೆ. ಇದು ಚೀಟಿಗಲ್ಲ, ನಿಂಗೆ. ಬರ್ಕೊ.