ಕೂಳಿಯ ಬಾಗಿಲು

ಬೇರೆಯವರ ಮಾತಿಗೆ ಕಿವಿಗೊಟ್ಟು ಅದನ್ನು ಬರೆಯುವುದು ತಪ್ಪೇ ಇರಬೇಕು, ಕ್ಷಮಿಸಿ. ನಮ್ಮ ದ್ವೀಪದ ರೊಸೋ ಪೇಟೆಯಲ್ಲಿ, ಕಡಲತಡಿಯ ಸ್ಕಾಟ್ಸ್ ಹೆಡ್ ಊರಿನ ವ್ಯಾನಿಗೆ ಕಾಯುತ್ತಿದ್ದೆ. ಮುಂದೆ ವಯಸ್ಸಾದ ಅಕ್ಕತಂಗಿಯರಿಬ್ಬರು ನಿಂತಿದ್ದರು.

“ಈ ರಜೆಯಲ್ಲಿ ಮೊದಲು ಬೆಟ್ಟ ಹತ್ತಿ ಗಿಳಿ ನೋಡೋಣ, ಕ್ಲೆಮಕ್ಕ,” ಎಂದರು ತಂಗಿ.

“ಗಿಳಿ ಎಲ್ಲಿಗೂ ಹೋಗಲ್ಲ, ಜೆಲ್ಮಾ. ನಂಗೆ ಸಮುದ್ರದೊಳಗೆ ಇಳೀಬೇಕು.”

“ಟೂರಿಸ್ಟ್ ಥರ ಬೆನ್ನಿಗೆ ಸಿಲಿಂಡರ್ ಕಟ್ಕೊಂಡಾ? ನಿನ್ನ ನೋಡಿ ಮೀನುಗಳು ದಂಗಾಗ್ತವೆ!”

“ಆಗ್ಲಿ ಬಿಡು. ಕೆಳಗೆ ನೆಲದಿಂದ ಬೆಚ್ಚನೆ ಗುಳ್ಳೆ ಏಳ್ತವಂತೆ, ಮಳೆ ಮೇಲ್ಮುಖವಾಗಿ ಸುರಿದ ಹಾಗೆ. ಜೀವಮಾನವೆಲ್ಲ ಮೀನು ಹಿಡಿಯೋ ಬಿದಿರು ಕೂಳಿ ಹೆಣೆದೆ. ಅದು ನೀರಲ್ಲಿ ಹೇಗೆ ಕೂತಿರುತ್ತೆ ಅಂತ ಒಂದ್ಸಲವೂ ನೋಡಿಲ್ಲ.”

“ಹೋದ ಬಿರುಗಾಳೀಲಿ ಹಗ್ಗ ಹರಿದುಹೋಯ್ತಲ್ಲ, ಭಾವನ ಕೊನೇ ಕೂಳಿ, ಅದನ್ನ ತಾನೆ ಹುಡುಕೋದು?”

ಅಕ್ಕ ಹೌದೆಂದು ತಲೆಯಾಡಿಸಿದರು.

“ಅದರ ಬಾಗಿಲನ್ನ ಹತ್ತಿ ದಾರದಲ್ಲೇ ಕಟ್ಟಿ ಅಂದೆ. ಕೂಳಿ ಕಳೆದುಹೋದ್ರೂ ದಾರ ಕೊಳೆತು ಬಾಗಿಲು ಬಿಚ್ಕೊಳುತ್ತೆ, ಮೀನು ಬದುಕ್ತವೆ. ತಂತೀನೇ ಗಟ್ಟಿ ಅಂತ ಅವರು ಜಗಳ ಆಡಿದ್ರು. ಯಾವುದರಲ್ಲಿ ಕಟ್ಟಿದ್ರೋ, ಹೇಳದೇ ಕಣ್ಣು ಮುಚ್ಚಿದ್ರು.”

“ತಂತಿ ಇದ್ರೆ?”

“ಪಾಪ, ಇನ್ನೂ ಮೀನು ಸಾಯ್ತಿರ್ತವೆ. ಕತ್ತರಿಸಿ ಬರ್ತೀನಿ. ಇಕ್ಕಳ ಕೊಂಡಾಯ್ತು.”

“ದಾರ ಇದ್ರೆ?”

ಅಕ್ಕ ನಕ್ಕರು. “ಆ ತೆರೆದ ಬಾಗಿಲ ಮುಂದೆ ಸುಮ್ಮನೆ ತೇಲ್ತಾ ಇರ್ತೀನಿ. ನನ್ನ ಮಾತು ಕೇಳಿದ್ರಲ್ಲ ಅಂತ.”

ವ್ಯಾನ್ ಬಂತು. ಎರಡೇ ಸೀಟು ಖಾಲಿ ಇದ್ದವು, ಅವರು ಹತ್ತಿಕೊಂಡರು. ಆಕೆಯ ಗಂಡ ಕಟ್ಟಿದ್ದು ದಾರವೋ ತಂತಿಯೋ, ನನಗೆ ಇವತ್ತಿಗೂ ಗೊತ್ತಿಲ್ಲ.